ಚಂದ್ರವಳ್ಳಿಯ ಬಂಡೆಗಳೂ ನಮ್ಮ ಹೊಲಗಳ ಮಣ್ಣೂ

ಚಿತ್ರದುರ್ಗದ ಕೋಟೆಗೆ ಪಶ್ಚಿಮದಲ್ಲಿ, ದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಇವುಗಳ ನಡುವೆ ಚಂದ್ರವಳ್ಳಿಯೆಂಬ ಕಣಿವೆಯಿರುವುದು ಈ ಸೀಮೆಯ ಯಜಮಾನರಿಗೆಲ್ಲ ತಿಳಿದ ವಿಷಯವೇ. ಕಚೇರಿಯ ಕೆಲಸಕ್ಕೋ ಸಂತೆಗೋ ದುರ್ಗಕ್ಕೆ ಬಂದವರು ಬಿಡುವಿದ್ದರೆ ಅಲ್ಲಿಯವರೆಗೆ ಹೋಗಿ, ಅಂಕಲಿಮಠದ ಗುಹೆಗಳನ್ನು ನೋಡಿ, ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕುಳಿತು ಹಿಂದಿರುಗುವುದುಂಟು. ಆ ಸ್ಥಳವನ್ನು ವ್ಯವಸಾಯದ ದೃಷ್ಟಿಯಿಂದ ನೋಡುವವರು ಮಾತ್ರ ಕಡಮೆ. ನಮ್ಮ ಹೊಲಗಳ ಮಣ್ಣು ಎಲ್ಲಿಂದ ಬಂತು, ಎತ್ತ ಹೋಗುತ್ತಿದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾದ ಉತ್ತರ ಪುಸ್ತಕಗಳಲ್ಲಿ ಕೂಡ ದೊರೆಯುವುದು ಕಷ್ಟ. ಆದಕಾರಣ ಈ ಲೇಖನಕ್ಕೆ ಅದನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡಿದ್ದೇನೆ.

ಮೊದಲು ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯ ಭೈರವೇಶ್ವರ ದೇವಾಲಯದ ಬಳಿ ಒಂದು ಹೆಬ್ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿರುವ ಇದು ಕ್ರಿ. ಶ. ನಾಲ್ಕನೆಯ ಶತಮಾನದ್ದು. ಅಕ್ಷರಗಳು ಸವೆದಿರುವುದರಿಂದ ಅದರಲ್ಲಿ ಬರುವ ಕೆಲವು ಹೆಸರುಗಳ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಅದು ಒಂದು ಕೆರೆಯ ನಿರ್ಮಾಣವನ್ನು ಹೇಳುವ ಶಾಸನವೆಂಬುದರಲ್ಲಿ ಸಂದೇಹವಿಲ್ಲ. ಇದು ಮೊದಲನೆಯ ಸಂಗತಿ. ಎರಡನೆಯದೇನೆಂದರೆ, ಅದೇ ಕಣಿವೆಯಲ್ಲಿ 1929 ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ, 1947 ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ನೆಲವನ್ನು ಅಗೆಯಿಸಿ ಪರೀಕ್ಷಿಸಿದಾಗ ಒಂದು ಹಳೆಯ ಪಟ್ಟಣದ ಅವಶೇಷಗಳೇ ಮಣ್ಣಿನ ಪದರಗಳೊಳಗೆ ಕಂಡುಬಂದುವು. ಇಟ್ಟಿಗೆ, ಬಣ್ಣದ ಮಡಕೆ, ಶಾತವಾಹನರ ನಾಣ್ಯ ಮಾತ್ರವೇ ಅಲ್ಲದೆ ರೋಮ್ ಚಕ್ರವರ್ತಿಗಳ ನಾಣ್ಯಗಳೂ ದೊರೆತುವು.

ಬಂಡೆಯ ಮೇಲೆ ಉಳಿಯಿಂದ ಕೊರೆದ ತೆಳುವಾದ ಗೆರೆಗಳು ಹದಿನಾರು ನೂರು ವರ್ಷಗಳಿಗೂ ಮೀರಿದ ಬಿಸಿಲು ಮಳೆಗಳನ್ನು ಸಹಿಸಿ, ಸವೆದಾದರೂ ಉಳಿದಿವೆ. ಅದರ ಸಮೀಪದ ಪಟ್ಟಣವಾದರೋ, ಬಿದ್ದ ಗೋಡೆಗಳ ಮಣ್ಣೂ ಬೆಟ್ಟದಿಂದ ಹರಿದುಬಂದ ಮಣ್ಣೂ ಸೇರಿ ನೆಲದ ಕೆಳಕ್ಕೆ ಹೋಯಿತು. ಕಲ್ಲು ಮಣ್ಣಾಗುವುದು ಎಷ್ಟು ನಿಧಾನವೋ ಆದ ಮಣ್ಣು ಸ್ಥಳ ಬಿಟ್ಟು ಹೊರಡುವುದು ಅಷ್ಟು ಶೀಘ್ರವೆಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಜಿಲ್ಲೆಯಲ್ಲಿ ಬೇಕಾಗಿಲ್ಲ.

ದುರ್ಗದ ಬೆಟ್ಟಗಳ ಕಲ್ಲು ಗ್ರಾನೈಟ್ ಜಾತಿಯದು. ಭೂಮಿಯ ಒಡಲಿನಲ್ಲಿ, ಬಹು ಆಳದಲ್ಲಿ, ಕರಗಿದ ರೂಪದಲ್ಲಿದ್ದ ಶಿಲಾದ್ರವ್ಯವು ಆರಿ ಗಟ್ಟಿಯಾಗಿ ಸುಮಾರು 260 ಕೋಟಿ ವರ್ಷಗಳಾದುವೆಂದು ಭೂಗರ್ಭಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಒಡೆದ ಹೊಸ ಚೂರನ್ನು ಬಿಸಿಲಿಗೆ ಹಿಡಿದರೆ ಅದರಲ್ಲಿ ಮೂರು ವಸ್ತುಗಳು ಎದ್ದು ಕಾಣುತ್ತವೆ. ಗಾಜಿನಂತೆ ಹೊಳೆಯುವುದು ಬೆಣಚು. ಬಿಳಿ ಅಥವಾ ನಸುಗೆಂಪು ಬಣ್ಣದ ಚಪ್ಪಟೆಯ ಹರಳು ಫೆಲ್ಡ್‌ಸ್ಪಾರ್. ಕಪ್ಪಗೆ ಮಿನುಗುವ ಎಸಳು ಕಾಗೆಬಂಗಾರವೆಂದು ಹಳ್ಳಿಯವರು ಕರೆಯುವ ಅಭ್ರಕ. ನಮ್ಮ ಮಸಾರಿ ಹೊಲಗಳಲ್ಲಿರುವ ಮರಳು, ಜೇಡಿ, ಕೆಂಪು ಬಣ್ಣ ಈ ಮೂರೂ ಕ್ರಮವಾಗಿ ಈ ಮೂರು ವಸ್ತುಗಳಿಂದ ಬಂದುವೆಂದು ಹೇಳಿದರೆ ತಪ್ಪಾಗಲಾರದು.

ಇಷ್ಟು ಗಟ್ಟಿಯಾದ ಕಲ್ಲು ಒಡೆಯುವುದು ಹೇಗೆ? ಆಳದಲ್ಲಿ ಹುಟ್ಟಿದ ಶಿಲೆಯು ಮೇಲಿನ ಭಾರವು ಸವೆದು ಹೋದಂತೆ ಹಿಗ್ಗಿ, ನೆಲದ ಮೇಲ್ಮೈಗೆ ಸಮನಾಗಿ ಪದರ ಪದರವಾಗಿ ಬಿಡುತ್ತದೆ. ಇದಲ್ಲದೆ ಉದ್ದುದ್ದ ಅಡ್ಡಡ್ಡ ಬಿರುಕುಗಳೂ ಅದರಲ್ಲಿ ಹುಟ್ಟಿನಿಂದಲೇ ಇರುತ್ತವೆ. ಕಲ್ಲುಕುಟಿಗರಿಗೆ ಇದು ಶಾಸ್ತ್ರವನ್ನು ಓದದೆ ತಿಳಿದ ವಿದ್ಯೆ. ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಮೆಲ್ಲಗೆ ಸರಿಸುತ್ತ ಹೋಗಿ, ಮೇಲಿನ ಪದರು ಕೆಳಗಿನದರಿಂದ ಬಿಟ್ಟ ಶಬ್ದವನ್ನು ಸುತ್ತಿಗೆಯ ಪೆಟ್ಟಿನಿಂದ ಕಂಡುಕೊಂಡು, ಚಪ್ಪಡಿಯನ್ನು ಎಬ್ಬಿಸುವ ಕ್ರಮ ಮೈಸೂರು ಸೀಮೆಯಲ್ಲಿ ಬಹುಕಾಲ ನಡೆದುಬಂದಿತ್ತು.

ಬೆಂಕಿ ಮಾಡುವುದನ್ನೇ ಬಿಸಿಲೂ ಮಾಡುತ್ತದೆಯೆಂದು ಹಿಂದೆ ಭಾವಿಸಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಗಾಲನ್ನು ಊರಲಾಗದಷ್ಟು ಕಾದು ರಾತ್ರಿ ತಣ್ಣಗಾಗುವ ಬಂಡೆಯು ಹಿಗ್ಗಿ ಕುಗ್ಗಿ ಒಡೆಯುವುದೆಂಬುದು ಸಹಜವಾಗಿ ತೋರುವ ಮಾತು. ಆದರೆ 1936 ರಲ್ಲಿ ಅಮೆರಿಕದ ಗ್ರಿಗ್ಸ್ ಎಂಬ ಶಾಸ್ತ್ರಜ್ಞರು ನುಣುಪು ಮಾಡಿದ ಗ್ರಾನೈಟ್ ಕಲ್ಲನ್ನು, ಸುಮಾರು 244 ವರ್ಷಗಳ ಹಗಲು ರಾತ್ರಿಗಳಿಗೆ ಸಮನಾಗುವಷ್ಟು ಸಲ, ಕಾಯಿಸಿ ಆರಿಸಿ ನೋಡಿದರು. ಒಣಗಿದ್ದಾಗ ಕಲ್ಲಿಗೆ ಏನೂ ಆಗಲಿಲ್ಲ. ನೀರನ್ನು ಚಿಮುಕಿಸಿ ಆರಿಸತೊಡಗಿದ ಮೇಲೆ ಸ್ವಲ್ಪ ಕಾಲದಲ್ಲಿಯೇ ಹೊಳಪು ಹೋಗಿ ಬಿರುಕುಗಳು ತೋರಿದುವು. ಬಿಸಿಲಿಗೆ ನೀರು ಜೊತೆಯಾಗದೆ ಕಲ್ಲು ಸುಲಭವಾಗಿ ಮಣಿಯುವುದಿಲ್ಲವೆಂಬುದು ಇದರಿಂದ ಗೊತ್ತಾಯಿತು. ನಮ್ಮಂಥ ಮಳೆ ಕಡಮೆಯಾದ ಸೀಮೆಯಲ್ಲಿ ಬಂಡೆಗಳು ಬೋಳುಬೋಳಾಗಿ ನಿಂತಿರುವುದಕ್ಕೂ, ಮಲೆನಾಡಿನಲ್ಲಿ ಹತ್ತಾರು ಅಡಿ ಆಳದವರೆಗೆ ಮಣ್ಣೇ ಇರುವುದಕ್ಕೂ ಇದೇ ಮುಖ್ಯ ಕಾರಣ.

ಮಳೆಯ ನೀರು ಬರಿಯ ನೀರಲ್ಲ. ಆಕಾಶದಿಂದ ಬೀಳುವಾಗಲೇ ಗಾಳಿಯಲ್ಲಿನ ಅಂಗಾರಾಮ್ಲವಾಯುವನ್ನು ಸ್ವಲ್ಪ ಹೀರಿಕೊಂಡು, ಕೊಳೆತ ಎಲೆ ಬೇರುಗಳ ನಡುವೆ ಇಳಿಯುವಾಗ ಇನ್ನಷ್ಟನ್ನು ಸೇರಿಸಿಕೊಂಡು, ಅತ್ಯಂತ ಸೌಮ್ಯವಾದ ಹುಳಿಯಾಗಿ ಬಿರುಕುಗಳಲ್ಲಿ ನಿಲ್ಲುತ್ತದೆ. ಬೆಣಚಿಗೆ ಇದರಿಂದ ಬಾಧೆಯಿಲ್ಲ. ಅದು ಮರಳಾಗಿ ಉದುರುತ್ತದೆ. ಫೆಲ್ಡ್‌ಸ್ಪಾರ್ ಮಾತ್ರ ಮೆಲ್ಲನೆ ಕೊಳೆತು, ತನ್ನಲ್ಲಿದ್ದ ಪೊಟ್ಯಾಷ್, ಸೋಡ, ಸುಣ್ಣಗಳನ್ನು ನೀರಿಗೆ ಬಿಟ್ಟುಕೊಟ್ಟು, ತಾನು ಜೇಡಿಯಾಗಿ ಉಳಿಯುತ್ತದೆ. ಕಪ್ಪು ಅಭ್ರಕದ ಕಬ್ಬಿಣವು ತುಕ್ಕು ಹಿಡಿದು ಕೆಂಪಾಗುತ್ತದೆ. ಪೈರಿಗೆ ಬೇಕಾದ ಪೊಟ್ಯಾಷು ಹೀಗೆ ಬಂಡೆಯಿಂದಲೇ ಬರುವ ಆಸ್ತಿ. ಸಾರಜನಕ ಮಾತ್ರ ಗ್ರಾನೈಟಿನಲ್ಲಿ ಇಲ್ಲವೆನ್ನಬಹುದಷ್ಟು ಅಲ್ಪ. ಬೆಟ್ಟದ ಹೊಸ ಮಣ್ಣಿಗೆ ಗೊಬ್ಬರವೇ ಬೇಡವೆಂದು ವಾದಿಸುವ ಹಿರಿಯರು ಇದನ್ನು ಗಮನಿಸಬೇಕು.

ಬಂಡೆಗಳ ಮೇಲೆ ಮಚ್ಚೆಯಂತೆ ಕಾಣುವ ಕಲ್ಲುಹೂವು ಕೂಡ ತನ್ನ ಹುಳಿಯಿಂದ ಕಲ್ಲನ್ನು ತಿನ್ನುತ್ತದೆ. ಬಿರುಕಿಗೆ ಬೇರಿಟ್ಟ ಬಸರಿ, ಆಲ ಮುಂತಾದ ಮರಗಳು ದಪ್ಪವಾಗುತ್ತ ಬೆಣೆಯ ಕೆಲಸ ಮಾಡುತ್ತವೆ.

ಇನ್ನು ಆ ಗುಂಡುಗಳ ವಿಷಯ. ಒಂದರ ಮೇಲೊಂದು ಪೇರಿಸಿಟ್ಟಂತೆ, ಈಗ ಬಿದ್ದಾವೋ ಆಗ ಬಿದ್ದಾವೋ ಎಂಬಂತೆ ನಿಂತಿರುವ ಹೆಬ್ಬಂಡೆಗಳನ್ನು ಕಂಡು, ಈ ಬೆಟ್ಟದ ಹೆಸರಿನೊಡನೆ ಸೇರಿಕೊಂಡಿರುವ ಹಿಡಿಂಬನೇ ಇವನ್ನು ಹೊತ್ತು ತಂದಿರಬೇಕೆಂದು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಅವು ಎಲ್ಲಿಂದಲೂ ಬಂದವಲ್ಲ. ಅಲ್ಲಿಯೇ ಹುಟ್ಟಿ ಅಲ್ಲಿಯೇ ಉಳಿದವು. ಬೆಲ್ಲದ ಅಚ್ಚನ್ನು ನೀರಿನಲ್ಲಿ ಹಾಕಿದರೆ ಮೊದಲು ಕರಗುವುದು ಮೂಲೆಗಳು. ಮೂಲೆಗೆ ಮೂರು ಕಡೆಯಿಂದಲೂ, ಅಂಚಿಗೆ ಎರಡು ಕಡೆಯಿಂದಲೂ, ಮುಖಕ್ಕೆ ಒಂದೇ ಕಡೆಯಿಂದಲೂ ನೀರು ತಗಲುವುದರಿಂದ ಚೌಕವಾಗಿದ್ದುದು ಉಂಡೆಯಾಗುತ್ತದೆ. ಬಿರುಕುಗಳಿಂದ ಚೌಕ ಚೌಕವಾಗಿ ಸೀಳಿದ್ದ ಶಿಲೆಯೂ ನೆಲದ ಒಳಗೆ ಇದ್ದಾಗಲೇ ಹೀಗೆ ಸುತ್ತಲೂ ಕೊಳೆತು, ನಡುವೆ ಗಟ್ಟಿಯಾದ ಗುಂಡೂ ಸುತ್ತ ಮೆತ್ತನೆಯ ಗರಸೂ ಆಯಿತು. ಬಹುಕಾಲದ ಮಳೆಯು ಗರಸನ್ನು ಒಯ್ದಿತು, ಗುಂಡುಗಳು ಬಯಲಾದುವು. ಬಯಲಾದ ಮೇಲೂ ಅವುಗಳ ಮೈಯಿಂದ ಈರುಳ್ಳಿಯ ಸಿಪ್ಪೆಯಂತೆ ಚಕ್ಕೆಗಳು ಏಳುತ್ತಿರುವುದನ್ನು ಈಗಲೂ ನೋಡಬಹುದು. ಬಾವಿ ತೋಡಿಸಿದ ಜಮೀನುದಾರರಿಗೆ ಇದು ಹೊಸ ಮಾತಲ್ಲ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಗರಸಿನ ನಡುವೆ ಅಲ್ಲಲ್ಲಿ ಗುಂಡುಗಳು, ಇನ್ನೂ ಕೆಳಗೆ ಪಿಕಾಸಿಗೆ ಬಗ್ಗುವ ಮೆತ್ತನೆಯ ಕಲ್ಲು, ಕೊನೆಗೆ ಸಿಡಿಮದ್ದಿಲ್ಲದೆ ಜಗ್ಗದ ಬಂಡೆ. ಬಾವಿಯ ಗೋಡೆಯಲ್ಲಿ ಕಾಣುವುದೂ ಬೆಟ್ಟದ ಮೇಲೆ ಕಾಣುವುದೂ ಒಂದೇ ಕಥೆಯ ಎರಡು ಅಧ್ಯಾಯಗಳು.

ಜಿಲ್ಲೆಯ ಬೆಟ್ಟಗಳೆಲ್ಲ ಹೀಗೆಯೇ ಎಂದು ತಿಳಿಯಬಾರದು. ದುರ್ಗದ ದಕ್ಷಿಣಕ್ಕಿರುವ ಜೋಗಿಮಟ್ಟಿಯ ಸಾಲು ಬೇರೆ ಕುಲದ್ದು. ಅಲ್ಲಿ ಪುರಾತನ ಜ್ವಾಲಾಮುಖಿಯ ಕಲ್ಲುಗಳೂ ಪದರುಕಲ್ಲುಗಳೂ ಉಂಟು. ಸಮೀಪದ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿದ ಲಾವಾರಸವು ದಿಂಬುಗಳ ಆಕಾರದಲ್ಲಿ ಗಟ್ಟಿಯಾಗಿರುವುದು ರಾಷ್ಟ್ರೀಯ ಸ್ಮಾರಕವಾಗಿ ರಕ್ಷಿತವಾಗಿದೆ. ಈ ಕಲ್ಲುಗಳಲ್ಲಿ ಬೆಣಚು ಕಡಮೆ, ಕಬ್ಬಿಣ, ಸುಣ್ಣ, ಮೆಗ್ನೀಷಿಯಗಳು ಹೆಚ್ಚು. ಇವು ಕೊಳೆತರೆ ಮರಳಾಗದೆ ಅಂಟುಮಣ್ಣಾಗುತ್ತವೆ. ಆದ್ದರಿಂದ ಬೆಟ್ಟದ ಮೈ ಗುಂಡುಗಳಿಲ್ಲದೆ ಕುರುಚಲು ಕಾಡಿನಿಂದ ಮುಚ್ಚಿರುತ್ತದೆ. ಇದೇ ಬೆಟ್ಟಗಳ ಸಾಲನ್ನು ಹಿರಿಯೂರಿನ ಬಳಿ ವೇದಾವತಿಯು ಸೀಳಿಕೊಂಡು ಹೋದ ಸ್ಥಳವೇ ಮಾರಿಕಣಿವೆ. ನದಿಯು ಯುಗಗಳ ಕಾಲ ಕೊರೆದ ಆ ಇಕ್ಕಟ್ಟಾದ ಬಾಗಿಲನ್ನೇ ಆರಿಸಿಕೊಂಡು 1907 ರಲ್ಲಿ ವಾಣೀವಿಲಾಸ ಸಾಗರದ ಕಟ್ಟೆಯನ್ನು ಪೂರೈಸಿದರು.

ಕಲ್ಲು ಮಣ್ಣಾದ ಮೇಲೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಇಳಿಜಾರಿನಲ್ಲಿರುವ ಪ್ರತಿಯೊಂದು ಕಣವನ್ನೂ ಭೂಮಿಯ ಆಕರ್ಷಣೆಯು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಬೇರು, ಅಂಟು, ಒರಟುತನಗಳು ಅದನ್ನು ಹಿಡಿದಿಟ್ಟಿರುತ್ತವೆ. ಹಿಡಿತವು ಒಮ್ಮೆಲೇ ತಪ್ಪಿದರೆ ಏನಾಗುವುದೆಂಬುದನ್ನು 2018 ನೆಯ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2024 ನೆಯ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿಯೂ ಎಲ್ಲರೂ ಕಂಡರು. ಅಲ್ಲಿ ಮಣ್ಣು ಆಳ, ಮಳೆ ವಿಪರೀತ. ನೀರು ಕುಡಿದ ಗುಡ್ಡವೇ ಕಳಚಿ ಬಂತು. ನಮ್ಮಲ್ಲಿ ಮಣ್ಣು ತೆಳು, ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಆದಕಾರಣ ಅಂಥ ಅನಾಹುತದ ಭಯ ಅಲ್ಪ. ಬುಡದ ಗರಸು ಹೋಗಿ ಎಲ್ಲೋ ಒಂದು ಗುಂಡು ಉರುಳುವುದುಂಟು, ಅಷ್ಟೆ. ನಮ್ಮ ನಷ್ಟ ಸದ್ದಿಲ್ಲದೆ ಆಗುವಂಥದು, ಆದ್ದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅದರ ಬಗೆ ಹೀಗೆ. ಗುಡುಗು ಮಳೆಯ ದಪ್ಪ ಹನಿಯು ಸೆಕೆಂಡಿಗೆ ಸುಮಾರು ಮೂವತ್ತಡಿ ವೇಗದಿಂದ ನೆಲಕ್ಕೆ ಬಡಿಯುತ್ತದೆ. ಬರಿಯ ನೆಲವಾದರೆ ಮಣ್ಣಿನ ಕಣಗಳು ಸಿಡಿದು ಹಾರುತ್ತವೆ. ಹಾರಿದವುಗಳಲ್ಲಿ ಇಳಿಜಾರಿನ ಕಡೆ ಬೀಳುವ ಪಾಲೇ ಹೆಚ್ಚು. ಸಿಡಿದ ನುಣುಪು ಮಣ್ಣು ನೆಲದ ರಂಧ್ರಗಳನ್ನು ಮುಚ್ಚಿ ಹೆಪ್ಪುಗಟ್ಟಿಸುವುದರಿಂದ ನೀರು ಇಂಗದೆ ಹರಿಯತೊಡಗುತ್ತದೆ. ಮೊದಲು ಹಾಳೆಯಂತೆ ತೆಳ್ಳಗೆ, ಆಮೇಲೆ ಎಳೆಯಂತೆ, ಆಮೇಲೆ ಕೊರಕಲಾಗಿ. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡರಷ್ಟಲ್ಲ, ಸುಮಾರು ಅರುವತ್ತನಾಲ್ಕರಷ್ಟಾಗುತ್ತದೆಂದು ಲೆಕ್ಕವುಂಟು. ಇಳಿಜಾರಿನ ಗುಂಟ ನೇರವಾಗಿ ಉತ್ತ ಹೊಲದಲ್ಲಿ ಪ್ರತಿಯೊಂದು ಸಾಲೂ ನೀರಿಗೆ ರಾಜಮಾರ್ಗವಾಗುವುದರ ಪರಿಣಾಮವನ್ನು ವಾಚಕರೇ ಊಹಿಸಬಹುದು. ನಮ್ಮ ಬೇಸಗೆಯ ಕೊನೆಯ ಗುಡುಗು ಮಳೆಗಳು ಬೀಳುವುದು ಹೊಲಗಳು ಉತ್ತು ಬಯಲಾಗಿರುವ ಕಾಲದಲ್ಲಿಯೇ ಎಂಬುದು ಇನ್ನೊಂದು ದುರದೃಷ್ಟ.

ನೀರು ಒಯ್ಯುವಾಗ ಮಣ್ಣನ್ನು ಜರಡಿಯಾಡುತ್ತದೆ. ದಪ್ಪನೆಯದು ಮೇಲೆಯೇ ಉಳಿಯುತ್ತದೆ, ನುಣುಪಾದುದು ಕೆಳಗೆ ಹೋಗುತ್ತದೆ. ಬೆಟ್ಟದ ಬುಡದಲ್ಲಿ ಗರಸು ನೆಲ, ಅದಕ್ಕೆ ಕೆಳಗೆ ಮಸಾರಿ, ತಗ್ಗಿನಲ್ಲಿ ಅಂಟಾದ ಮಣ್ಣು, ಕೆರೆಯಲ್ಲಿ ಗೋಡು ಎಂಬ ಈ ಕ್ರಮವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತು, ಗರಸಿಗೆ ಹುರುಳಿ, ಮಸಾರಿಗೆ ರಾಗಿ, ತಗ್ಗಿಗೆ ಜೋಳವೆಂದು ಹಂಚಿಕೊಂಡರು. ಕಪ್ಪು ಶಿಲೆಗಳ ಸುಣ್ಣವೂ ಮೆಗ್ನೀಷಿಯವೂ ಬಂದು ನಿಲ್ಲುವ ತಗ್ಗುಗಳಲ್ಲಿ ಎರೆ ಆಗುತ್ತದೆ. ಹಿರಿಯೂರಿನ ಕಡೆ ಇಂಥ ಭೂಮಿಗಳಿವೆ. ಒಂದು ಗ್ರಾಮದ ಮೇಲಿನ ಹೊಲವೂ ಕೆಳಗಿನ ಹೊಲವೂ ಖಾತೆಯಲ್ಲಿ ಬೇರೆ ಬೇರೆಯಾದರೂ ಒಂದೇ ಪ್ರವಾಹದ ಎರಡು ಘಟ್ಟಗಳೆಂಬುದನ್ನು ಮರೆಯಬಾರದು. ಇದನ್ನು ಮರೆತುದರಿಂದಾದ ಒಂದು ಪ್ರಸಂಗವನ್ನು ಹೇಳುತ್ತೇನೆ.

ಹೊಳಲ್ಕೆರೆ ತಾಲ್ಲೂಕಿನ ಒಂದು ಗ್ರಾಮದಲ್ಲಿ, ಗುಡ್ಡದ ಇಳಿಜಾರಿನಲ್ಲಿ ದಾಯಾದಿಗಳಿಬ್ಬರ ಹೊಲಗಳು ಒಂದರ ಕೆಳಗೊಂದು ಇದ್ದುವು. ಕೆಳಗಿನವನು ರಸ್ತೆಯ ಕೆಲಸಕ್ಕೆಂದು ತನ್ನ ಹೊಲದ ಮೇಲಂಚಿನಲ್ಲಿ ಆಳುದ್ದ ಗರಸನ್ನು ಅಗೆಸಿ ಮಾರಿದನು. ಒಳ್ಳೆಯ ಬೆಲೆಯೇ ಬಂತು. ಮೊದಲನೆಯ ಮಳೆಗಾಲದಲ್ಲಿ ಮೇಲಿನ ಹೊಲದ ನೀರು ಆ ಹೊಂಡಕ್ಕೆ ಧುಮುಕಿ ಅಂಚನ್ನು ಬುಡದಿಂದ ತಿಂದಿತು. ಕೊರಕಲು ಕೆಳಕ್ಕೆ ಬೆಳೆಯುತ್ತದೆಂದು ಜನರು ತಿಳಿಯುತ್ತಾರೆ. ಅದರ ಬಾಯಿ ಬೆಳೆಯುವುದು ಮೇಲಕ್ಕೆ. ನೀರು ಧುಮುಕುವ ಸ್ಥಳದಲ್ಲಿ ಬುಡ ಕೊರೆದು ಮೇಲಿನ ಅಂಚು ಕುಸಿಯುತ್ತದೆ. ಧುಮುಕುವ ಸ್ಥಳ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಮತ್ತೆ ಅದೇ ಕ್ರಮ. ಮೂರು ಮಳೆಗಾಲಗಳಲ್ಲಿ ಆ ಬಾಯಿ ಮೇಲಿನ ಶೇಂಗಾ ಹೊಲದೊಳಕ್ಕೆ ನಲವತ್ತು ಹೆಜ್ಜೆಗಳಷ್ಟು ನಡೆದಿತ್ತು. ಕೆಳಗಡೆ ಬಂದ ಮರಳು ಅಗೆಸಿದವನ ಬೆಳೆಯನ್ನೇ ಮುಚ್ಚಿ, ಮುಂದೆ ಊರ ಕಟ್ಟೆಗೆ ಸೇರಿತು. ಪಂಚಾಯಿತಿಯವರು ಕರೆಸಿದಾಗ ನಾನು ಹೋಗಿದ್ದೆ.

“ಸ್ವಾಮಿ, ನನ್ನ ಹೊಲವನ್ನು ನಾನು ಅಗೆದರೆ ಅಣ್ಣನ ಹೊಲ ಹೇಗೆ ಹೋಗುತ್ತದೆ? ಮಳೆ ಮಾಡಿದ್ದಕ್ಕೆ ನಾನು ಹೊಣೆಯೇ?” ಎಂದು ಕಿರಿಯವನು ಕೇಳಿದನು.

ಹಿರಿಯನು ಕೊರಕಲಿನ ಅಂಚಿನಲ್ಲಿ ನಿಂತಿದ್ದವನು, “ತಮ್ಮಾ, ನೀನು ಗುಡ್ಡದ ಕಾಲು ತೆಗೆದೆ. ಕಾಲು ಹೋದ ಮೇಲೆ ಮೈ ನಿಲ್ಲುತ್ತದೆಯೇ?” ಎಂದನು. ಶಾಸ್ತ್ರವನ್ನು ಓದಿದ ನಾನು ಅರ್ಧ ಗಂಟೆ ಹೇಳಬೇಕೆಂದಿದ್ದುದನ್ನು ಅವನು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದನು.

ಕೊನೆಗೆ ಇಬ್ಬರೂ ಖರ್ಚನ್ನು ಹಂಚಿಕೊಂಡು ಕೆಲಸಕ್ಕೆ ಒಪ್ಪಿದರು. ಮೇಲಿನ ನೀರನ್ನು ಒಂದು ಬದುವಿನಿಂದ ತಡೆದು ಪಕ್ಕದ ಹಾಸುಬಂಡೆಯ ಕಡೆಗೆ ತಿರುಗಿಸಿದೆವು. ಕೊರಕಲಿನ ಕಡಿದಾದ ಬಾಯನ್ನು ಓರೆಯಾಗಿ ಕಡಿದು ಹುಲ್ಲು ನೆಟ್ಟೆವು. ಒಳಗೆ ಸಣ್ಣ ಸಣ್ಣ ಕಲ್ಲಿನ ಅಡ್ಡಗಟ್ಟೆಗಳನ್ನು, ನಡುವು ತಗ್ಗಾಗಿ ಎರಡು ಮಗ್ಗುಲೂ ಎತ್ತರವಾಗಿರುವಂತೆ, ಹಾಕಿಸಿದೆವು. ನಡುವು ತಗ್ಗಿಲ್ಲದಿದ್ದರೆ ನೀರು ಕಟ್ಟೆಯ ಮಗ್ಗುಲನ್ನು ಕೊರೆದುಕೊಂಡು ಹೋಗಿ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಕೊರಕಲು ನಿಂತಿತು. ಹೋದ ಮಣ್ಣು ಮಾತ್ರ ಬರಲಿಲ್ಲ. ಆ ನಲವತ್ತು ಹೆಜ್ಜೆಗಳಲ್ಲಿ ಈಗ ಹುಲ್ಲೂ ಸೀತಾಫಲವೂ ಬೆಳೆಯುತ್ತವೆ.

ನಷ್ಟದ ಪ್ರಮಾಣವನ್ನು ಅಂಕಿಗಳಲ್ಲಿ ಹೇಳುವುದಾದರೆ, ಒಂದು ಎಕರೆಯ ಮೇಲೆ ಒಂದು ಅಂಗುಲ ದಪ್ಪದ ಮಣ್ಣೆಂದರೆ 3,630 ಘನ ಅಡಿ, ತೂಕದಲ್ಲಿ ಹೆಚ್ಚು ಕಡಮೆ 140 ಟನ್ನು. ಒಂದೇ ಒಂದು ಮಿಲಿಮೀಟರ್ ಹೋದರೂ ಐದೂವರೆ ಟನ್ನಿನಷ್ಟಾಗುತ್ತದೆ; ಅಷ್ಟು ಹೋದುದು ಯಾರ ಕಣ್ಣಿಗೂ ಕಾಣುವುದಿಲ್ಲ. ಅತ್ತ, ನಮ್ಮ ಒಣ ಸೀಮೆಯ ಗ್ರಾನೈಟಿನಿಂದ ಒಂದು ಅಂಗುಲ ಮಣ್ಣು ಹೊಸದಾಗಿ ಹುಟ್ಟಲು ಸಾವಿರಾರು ವರ್ಷಗಳು ಬೇಕು. ಮಯೂರಶರ್ಮನ ಕಾಲದಿಂದ ಇಂದಿನವರೆಗೆ ಬಂಡೆಯು ಕೊಟ್ಟಿರುವ ಮಣ್ಣನ್ನು ಅಲಕ್ಷ್ಯದಿಂದ ನೋಡಿದ ಹೊಲವು ಕೆಲವೇ ಮಳೆಗಾಲಗಳಲ್ಲಿ ಕಳೆದುಕೊಳ್ಳಬಲ್ಲುದು.

ಬದು ಹಾಕಿದ್ದೇವೆಂದು ಅನೇಕರು ಸಮಾಧಾನಪಟ್ಟುಕೊಳ್ಳುವುದುಂಟು. ಬದು ಎಲ್ಲಿದೆ ಎಂಬುದು ಮುಖ್ಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸರ್ವೆಯ ಎಲ್ಲೆಯನ್ನೇ ಹಿಡಿದು ನೇರವಾಗಿ ಬದು ಹಾಕಿಸಿದೆನು. ನೀರೆಲ್ಲ ತಗ್ಗಿನ ಒಂದು ಮೂಲೆಗೆ ಸೇರಿ, ಬದುವನ್ನು ಒಡೆದು, ಬದುವಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಿತು. ಆ ರೈತನು ನನ್ನನ್ನು ಬಯ್ಯಲಿಲ್ಲವೆಂಬುದು ಅವನ ದೊಡ್ಡತನ. ನೀರಿಗೆ ಖಾತೆಯ ಎಲ್ಲೆ ತಿಳಿಯದು, ಮಟ್ಟವೊಂದೇ ತಿಳಿಯುವುದು. ಮೂರು ಗಳುಗಳನ್ನು ಏಣಿಯ ಕಾಲುಗಳಂತೆ ಕಟ್ಟಿ, ತುದಿಯಿಂದ ತೂಗುಗುಂಡನ್ನು ಇಳಿಬಿಟ್ಟು, ದಾರವು ಅಡ್ಡಗಳುವಿನ ನಡುಗುರುತಿಗೆ ಬರುವಂತೆ ಹೆಜ್ಜೆ ಹೆಜ್ಜೆಗೂ ಗೂಟ ಹೊಡೆದರೆ ಸಮಮಟ್ಟದ ರೇಖೆಯು ದೊರೆಯುತ್ತದೆ. ಬದುವೂ ನೇಗಿಲ ಸಾಲೂ ಕೂರಿಗೆಯೂ ಆ ರೇಖೆಯನ್ನೇ ಅನುಸರಿಸತಕ್ಕದ್ದು. ಹೆಚ್ಚಿನ ನೀರು ಹೊರಡಲು ಕಲ್ಲಿನ ಕೋಡಿ ಇರಲೇಬೇಕು. ಬದುವಿನ ಮೇಲೆ ಲಾವಂಚವನ್ನೋ ಕತ್ತಾಳೆಯನ್ನೋ ಹಚ್ಚಿದರೆ ಅದು ತಾನೇ ಗಟ್ಟಿಯಾಗುತ್ತ ಹೋಗುತ್ತದೆ. ಗುಡ್ಡದ ಬುಡದ ಗರಸನ್ನೂ ಅಲ್ಲಿನ ಗುಂಡುಗಳನ್ನೂ ಮಾರುವ ಪ್ರಸ್ತಾಪ ಬಂದಾಗ ಗ್ರಾಮದ ಮುಖಂಡರು ಕೆಳಗಿನ ಹೊಲದವರನ್ನೂ ಮೇಲಿನ ಹೊಲದವರನ್ನೂ ಕೂಡಿಸಿ ಕೇಳದೆ ಒಪ್ಪಿಗೆ ಕೊಡಬಾರದು.

ಕೆರೆ ಸೇರಿದ ಮಣ್ಣನ್ನು ಹಿಂದಕ್ಕೆ ತರುವ ದಾರಿ ಒಂದೇ, ಬೇಸಗೆಯಲ್ಲಿ ಗೋಡನ್ನು ತೋಡಿ ಹೊಲಕ್ಕೆ ಹೊಡೆಯುವುದು. ಇದರಿಂದ ಕೆರೆಯೂ ಆಳವಾಗುತ್ತದೆ, ಹೊಲವೂ ನೀರು ಹಿಡಿಯುತ್ತದೆ. ಮಸಾರಿಗೂ ಗರಸಿಗೂ ಇದು ಬಹಳ ಹಿತ. ಎರೆಯ ನೆಲಕ್ಕೆ ಹೊಡೆಯುವುದರಿಂದ ಪ್ರಯೋಜನ ಕಡಮೆ. ಚೌಳು ಕಾಣುವ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಮುಟ್ಟಬಾರದು.

ತಮ್ಮ ಹೊಲದಲ್ಲಿ ಇದೇನೂ ನಡೆಯುತ್ತಿಲ್ಲವೆಂದು ಭಾವಿಸುವ ಜಮೀನುದಾರರು ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬಹುದು. ಮುಂಗಾರಿಗೆ ಮೊದಲು ಒಂದು ಮೊಳ ಉದ್ದದ ಹತ್ತು ಕಬ್ಬಿಣದ ಸಲಾಕೆಗಳನ್ನು, ಇಳಿಜಾರಿನ ಮೇಲ್ತುದಿಯಿಂದ ಕೆಳತುದಿಯವರೆಗೆ, ನೇಗಿಲು ತಾಗದ ಬದುವಿನ ಪಕ್ಕದಲ್ಲಿ, ತಲೆಯು ನೆಲಕ್ಕೆ ಸರಿಯಾಗುವಂತೆ ಹೊಡೆದು, ಪ್ರತಿಯೊಂದರ ಸ್ಥಳವನ್ನೂ ಗುರುತು ಮಾಡಿಟ್ಟುಕೊಳ್ಳಬೇಕು. ದೀಪಾವಳಿ ಕಳೆದ ಮೇಲೆ ಹೋಗಿ ನೋಡಿದರೆ ಮೇಲಿನವು ನೆಲದಿಂದ ಎಷ್ಟು ಎದ್ದಿವೆ, ಕೆಳಗಿನವು ಎಷ್ಟು ಹೂತಿವೆ ಎಂಬುದನ್ನು ಅಳತೆಪಟ್ಟಿಯಿಂದ ಅಳೆಯಬಹುದು. ಎದ್ದುದನ್ನು ಮಿಲಿಮೀಟರಿನಲ್ಲಿ ಬರೆದು ಐದೂವರೆಯಿಂದ ಗುಣಿಸಿದರೆ ಆ ಭಾಗದಲ್ಲಿ ಎಕರೆಗೆ ಎಷ್ಟು ಟನ್ನು ಹೋಯಿತೆಂಬುದು ಬರುತ್ತದೆ. ಎರಡು ಮೂರು ವರ್ಷ ಬಿಡದೆ ಬರೆದಿಟ್ಟ ಅಂಥ ಪುಸ್ತಕವನ್ನು ಯಾರಾದರೂ ತಂದು ತೋರಿಸಿದರೆ, ಬದು ಎಲ್ಲಿ ಹಾಕಬೇಕೆಂಬುದನ್ನು ಅವರ ಹೊಲದಲ್ಲಿಯೇ ನಿಂತು ಗುರುತು ಮಾಡಿಕೊಡಲು ನಾನು ಸಿದ್ಧನಿದ್ದೇನೆ.